ಸಿಮ್ಯುಲೇಶನ್‌ನಲ್ಲಿ ಗೆದ್ದ ರಾಗಿ

ಪ್ರಶ್ನೆ: ರಾಗಿ ತಳಿ ಅಭಿವೃದ್ಧಿಯ ಎರಡು ವಿಧಾನಗಳನ್ನು ಆಲ್ಫಾಸಿಮ್‌ಆರ್‌ನಲ್ಲಿ (ತಳಿ ಬೆಳೆಸುವುದನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ತಂತ್ರಾಂಶ) ಹೋಲಿಸಿದೆ. 20 ವರ್ಷಕ್ಕೆ ಹಳೆಯ ವಂಶಾವಳಿ ವಿಧಾನಕ್ಕಿಂತ (ಹೊಲದಲ್ಲಿ ಬೆಳೆಸಿ, ನೋಡಿ ಆರಿಸುವುದು) ಜೀನೋಮಿಕ್ ಸೆಲೆಕ್ಷನ್ (ಡಿಎನ್‌ಎ ನೋಡಿ ಗುಣ ಅಂದಾಜಿಸಿ ಆರಿಸುವುದು) ಜಾಸ್ತಿ ಇಳುವರಿ ಕೊಟ್ಟಿತು. ಕೋಡ್, ಗ್ರಾಫ್ ಕಳಿಸಿದ್ದೇನೆ. ಇನ್ನು ಹಳೆಯದನ್ನು ಬಿಡಬಹುದೇ?

ಈ ವರ್ಷ ಇಂಥದ್ದು ಇದು ನಾಲ್ಕನೆಯ ಪತ್ರ. ಎಲ್ಲರ ಗ್ರಾಫಿನಲ್ಲೂ ಎರಡೇ ಗೆರೆ. ಅಂದರೆ ಒಂದೊಂದು ವಿಧಾನವನ್ನು ಒಂದೇ ಸಲ ಓಡಿಸಿದ್ದೀರಿ, ಅಲ್ವಾ? ಸಿಮ್ಯುಲೇಶನ್‌ನಲ್ಲಿ ಪ್ರತಿ ಸಂಕರಣವೂ ಚೌಕಾಬಾರದ ಕವಡೆ ಇದ್ದಂತೆ. ಐವತ್ತು ಸಲವಾದರೂ ಓಡಿಸಿ. ಎರಡೂ ವಿಧಾನ ಒಂದೇ ಮೂಲ ಗಿಡಗಳಿಂದ ಹೊರಡಲಿ.

ಖರ್ಚಿನ ಲೆಕ್ಕ ಇನ್ನೂ ಅನ್ಯಾಯ. ನಿಮ್ಮ ಕೋಡಿನಲ್ಲಿ ಡಿಎನ್‌ಎ ಪರೀಕ್ಷೆ ಪುಕ್ಕಟೆ! ಅಷ್ಟೇ ದುಡ್ಡನ್ನು ಹಳೆಯ ವಿಧಾನಕ್ಕೂ ಕೊಡಿ. ಅದು ಇನ್ನೆರಡು ಊರಿನಲ್ಲಿ ಪ್ರಯೋಗ ಹಾಕಲಿ, ಆಮೇಲೆ ಹೋಲಿಸಿ.

ಇನ್ನು ನಿಖರತೆ, ಅಂದರೆ ನಮ್ಮ ಅಂದಾಜು ಗಿಡದ ನಿಜವಾದ ವಂಶಗುಣಕ್ಕೆ ಎಷ್ಟು ಹತ್ತಿರ ಎಂಬುದು. ಪೂರ್ತಿ ಸೂತ್ರ ನಿಮಗೆ ಗೊತ್ತೇ ಇದೆ; ಇಲ್ಲಿ ಬೇಕಾದದ್ದು ಇಷ್ಟೇ: ನಿಖರತೆಯನ್ನು ಆಯ್ಕೆಯ ಒಂದು ಸುತ್ತಿನ ವರ್ಷಗಳಿಂದ ಭಾಗಿಸಿದರೆ ವರ್ಷದ ಗಳಿಕೆಯನ್ನು ಹೋಲಿಸಬಹುದು. ಉಳಿದದ್ದೆಲ್ಲ ಸಮ ಎಂದುಕೊಳ್ಳೋಣ. ಹೊಲದ ಆಯ್ಕೆಗೆ ನಿಖರತೆ 0.6, ಒಂದು ಸುತ್ತಿಗೆ 5 ವರ್ಷ: ವರ್ಷಕ್ಕೆ 0.12. ಜೀನೋಮಿಕ್‌ಗೆ 0.4, ಸುತ್ತಿಗೆ 2 ವರ್ಷ: 0.20. ಗೆದ್ದಿತು. ಆದರೆ ನೀವು ಆ 0.4ನ್ನು ಇಪ್ಪತ್ತು ವರ್ಷಕ್ಕೂ ಹಾಗೇ ಇಟ್ಟಿದ್ದೀರಿ. ಸುತ್ತು ಕಳೆದಂತೆ ಮಾರ್ಕರಿಗೂ (ಡಿಎನ್‌ಎ ಪರೀಕ್ಷೆಯಲ್ಲಿ ಓದುವ ಗುರುತು) ಜೀನಿಗೂ ಇರುವ ನಂಟು ಸಡಿಲವಾಗುತ್ತದೆ. ಹೊಲದಿಂದ ಹೊಸ ಅಂಕಿ ಸೇರಿಸದೆ ಅದು 0.2ಕ್ಕೆ ಇಳಿದರೆ ವರ್ಷಕ್ಕೆ ಸಿಗುವುದು 0.10. ಸೋತಿತು.

ಅನುವಂಶೀಯತೆ (ಗಿಡಗಿಡದ ವ್ಯತ್ಯಾಸದಲ್ಲಿ ವಂಶದಿಂದ ಬಂದ ಪಾಲು) 0.8 ಅಂತೆ. ಮಳೆ ನಂಬಿದ ರಾಗಿಯ ಇಳುವರಿಗೆ! ಒಂದು ಮುಂಗಾರು ಹೊಲದಲ್ಲಿ ನಿಂತವರು ಹಾಗೆ ಬರೆಯುವುದಿಲ್ಲ. 0.2, 0.4 ಇಟ್ಟು ಮತ್ತೆ ಓಡಿಸಿ. ಗೆಲ್ಲುವ ವಿಧಾನವೇ ಬದಲಾದರೆ, ನಿಮ್ಮ ಫಲಿತಾಂಶ ಆ ಒಂದು ಊಹೆಯ ಮೇಲೆ ನಿಂತಿದೆ ಎಂದರ್ಥ. ಕೊನೆಯ ವರ್ಷ ಎಷ್ಟು ವೈವಿಧ್ಯ ಉಳಿದಿದೆ ಅಂತಲೂ ನೋಡಿ. ಬೇಗ ಬೇಗ ಸುತ್ತು ಹಾಕುವವರು ಅದನ್ನೂ ಬೇಗ ತಿಂದು ಮುಗಿಸುತ್ತಾರೆ.

ನಾನಾದರೆ ಇಷ್ಟಕ್ಕೇ ಹಳೆಯದನ್ನು ಬಿಡುವುದಿಲ್ಲ. ಕಾಲು ಭಾಗ ದುಡ್ಡನ್ನು ಹೊಸದಕ್ಕೆ ಹಾಕಿ ಎರಡು ಸುತ್ತು ನೋಡುತ್ತೇನೆ. ಹೆದರಿಕೆಯ ಮನುಷ್ಯ ಅನ್ನಿ, ಪರವಾಗಿಲ್ಲ.

ಪ್ರಶ್ನೆ: ದೊಡ್ಡ ಕಂಪ್ಯೂಟರ್ ಬೇಕೇ?

ಬೇಡ. ಶುರು ಮಾಡಲು ಲ್ಯಾಪ್‌ಟಾಪ್ ಸಾಕು.

ಪ್ರಶ್ನೆ: ಮುಂದೆ ಹೊಸ ತಳಿಗೆ ಹೊಲವೇ ಬೇಡವಂತೆ, ನಿಜವೇ?

ಅಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಆಫ್ರಿಕಾದ ಗಿಡ ತನ್ನಿ ಅಂತ ಆಲ್ಫಾಸಿಮ್‌ಆರ್ ಹೇಳುವುದಿಲ್ಲ. ನೀವು ಕೊಟ್ಟ ಗಿಡಗಳಷ್ಟೇ ಅದಕ್ಕೆ ಗೊತ್ತು.

ಪ್ರಶ್ನೆ: 'ಕಂಪ್ಯೂಟರಿನಲ್ಲಿ ಪರೀಕ್ಷಿಸಿದ ಬೀಜ' ಎಂದು ಊರಿಗೆ ಬಂದು ಮಾರುತ್ತಿದ್ದಾರೆ. ಕೊಳ್ಳಬಹುದೇ?

ಬೇಡ. ಕಂಪ್ಯೂಟರಿನಲ್ಲಿ ಓಡುವುದು ಅಂಕಿಗಳು, ಚೀಲದಲ್ಲಿರುವ ಕಾಳಲ್ಲ. ಪ್ರಮಾಣಿತ ಬೀಜದ ನೀಲಿ ಚೀಟಿ ತೋರಿಸಿ ಅನ್ನಿ. ಅವರು ಮತ್ತೆ ಆ ಬೀದಿಗೆ ಬಂದರೆ ನನಗೆ ಬರೆಯಿರಿ.