ಮನೆಯ ಎಲೆಕ್ಟ್ರಾನಿಕ್ಸ್ ಕೋಣೆಯಲ್ಲಿ ರಾಶಿಬಿದ್ದಿರುವ ಬಿಡಿಭಾಗಗಳನ್ನು ಹೇಗೆ ಜೋಡಿಸುವುದು, ಯಾವುದನ್ನು ತೆಗೆದುಹಾಕುವುದು?

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮಹಡಿ ಕೋಣೆಯದೂ ಇದೇ ಪಾಡಾಗಿತ್ತು; ಮೇಜಿನ ಮೇಲೆ ಸೋಲ್ಡರಿಂಗ್ ಐರನ್ ಇಡಲೂ ಜಾಗವಿರಲಿಲ್ಲ. ಮೊದಲು ರೆಸಿಸ್ಟರ್‌ಗಳನ್ನು ವಿಂಗಡಿಸಿ: ಇ12 ಎಂಬ ಪ್ರಮಾಣಿತ ಮೌಲ್ಯಗಳ ಸರಣಿಯಲ್ಲಿ 10ರಿಂದ 100 ಓಮ್‌ವರೆಗೆ, 100ರಿಂದ 1000ದವರೆಗೆ, ಹೀಗೆ ಪ್ರತಿ ಹತ್ತುಪಟ್ಟಿಗೂ 12 ಮೌಲ್ಯಗಳಷ್ಟೇ ಇರುವುದರಿಂದ, 10 ಓಮ್‌ನಿಂದ 1 ಮೆಗಾಓಮ್‌ವರೆಗೆ (ಐದು ಹತ್ತುಪಟ್ಟುಗಳ 60, ಕೊನೆಯ 1 ಮೆಗಾಓಮ್ ಸೇರಿ) 61 ಲಕೋಟೆಗಳು ಸಾಕು, ಅವಿಷ್ಟೂ ಒಂದು ಚಪ್ಪಲಿ ಡಬ್ಬಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಐಸಿಗಳನ್ನು, ಅಂದರೆ ಚಿಪ್‌ಗಳನ್ನು, ಥರ್ಮೋಕೋಲಿಗೆ ಚುಚ್ಚಿಡುವ ಅಭ್ಯಾಸ ನನಗೂ ಇತ್ತು. ಅದು ಚಿಪ್‌ಗಳನ್ನು ಕೆಡಿಸಬಲ್ಲ ಸ್ಥಿರವಿದ್ಯುತ್ತನ್ನು ಹುಟ್ಟಿಸುವುದರಿಂದ ವಿದ್ಯುತ್ ಹರಿಯಬಿಡುವ ಕಪ್ಪು ಫೋಮ್ ಬಳಸಿ.

ತಲೆ ಉಬ್ಬಿದ ಅಥವಾ ಬುಡ ಸೋರಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಅಳೆದು ನೋಡುವ ಗೋಜಿಗೂ ಹೋಗದೆ ತೆಗೆದುಹಾಕಿ. ಹಳೆಯ ಲಿಥಿಯಂ ಸೆಲ್‌ಗಳ ಎರಡೂ ತುದಿಗೆ ಟೇಪ್ ಅಂಟಿಸಿ ಬೇರೆಯಾಗಿಡಿ. ಇವನ್ನೂ ಸತ್ತ ಬೋರ್ಡ್‌ಗಳನ್ನೂ ಕಸದ ಗಾಡಿಗೆ ಹಾಕದೆ, ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೇ ಒಪ್ಪಿಸಬೇಕು.