ಥರ್ಮಾಮೀಟರ್ ಏರಲಿಲ್ಲ, ಶಾಖ ಎಲ್ಲಿ ಹೋಯ್ತು?

ಪ್ರಶ್ನೆ: ಮೈನಸ್ 10 ಡಿಗ್ರಿ ಸೆಲ್ಸಿಯಸ್‌ನ 50 ಗ್ರಾಂ ಐಸನ್ನು 100 ಡಿಗ್ರಿಯ ಹಬೆ ಮಾಡಲು ಎಷ್ಟು ಶಾಖ ಬೇಕು? ರಾಶಿ, ನೀರಿನ ವಿಶಿಷ್ಟೋಷ್ಣ (ಒಂದು ಗ್ರಾಮನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖ), 110 ಡಿಗ್ರಿ ಮೂರನ್ನೂ ಗುಣಿಸಿದರೆ ನನಗೆ ಸುಮಾರು 23 ಸಾವಿರ ಜೂಲ್ ಬರುತ್ತದೆ. ಪುಸ್ತಕದಲ್ಲಿ ಒಂದೂವರೆ ಲಕ್ಷ ಅಂತಿದೆ! ಇನ್ನೊಂದು, ಮುಚ್ಚಿದ ಪಾತ್ರೆಯಲ್ಲಿ ನೀರು ಜಾಸ್ತಿ ಇದ್ದರೆ ಆವಿ ಒತ್ತಡವೂ (ಅದರ ಆವಿ ಪಾತ್ರೆಯ ಗೋಡೆಯನ್ನು ಒತ್ತುವ ಒತ್ತಡ) ಜಾಸ್ತಿ ಇರಬೇಕಲ್ವಾ?

ಉತ್ತರ: ಪುಸ್ತಕ ಸರಿ ಇದೆ. ನಿಮ್ಮ ಸೂತ್ರ ತಾಪ ಏರುತ್ತಿರುವಾಗ ಮಾತ್ರ ನಡೆಯುತ್ತದೆ. ಐಸ್ ಕರಗುವಾಗ, ನೀರು ಕುದಿಯುವಾಗ ಎಷ್ಟು ಕಾಯಿಸಿದರೂ ಥರ್ಮಾಮೀಟರ್ ಅಲ್ಲಾಡುವುದಿಲ್ಲ, ಯಾಕೆಂದರೆ ಆ ಶಾಖವೆಲ್ಲ ಅಣುಗಳು ಒಂದನ್ನೊಂದು ಹಿಡಿದಿರುವ ಹಿಡಿತ ಬಿಡಿಸುವುದಕ್ಕೇ ಖರ್ಚಾಗುತ್ತದೆ. ಅದೇ ಗುಪ್ತೋಷ್ಣ.

ಈಗ ಲೆಕ್ಕ ಬಿಡಿಸೋಣ. ಐಸನ್ನು ಸೊನ್ನೆ ಡಿಗ್ರಿಗೆ ತರಲು 50 × 2.09 × 10, ಅಂದರೆ 1,045 ಜೂಲ್. ಇಲ್ಲಿ ಐಸಿನ ವಿಶಿಷ್ಟೋಷ್ಣವೇ ಬೇಕು, ನೀರಿನದಲ್ಲ. ಕರಗಿಸಲು ಒಂದು ಗ್ರಾಂಗೆ ಬೇಕಾದ ಗುಪ್ತೋಷ್ಣ 334 ಜೂಲ್, ಹಾಗಾಗಿ 50 × 334, ಅಂದರೆ 16,700. ನೀರನ್ನು 100 ಡಿಗ್ರಿಗೆ ಏರಿಸಲು 50 × 4.18 × 100, ಅಂದರೆ 20,900. ಕೊನೆಗೆ ಹಬೆ ಮಾಡಲು 50 × 2,260, ಬರೋಬ್ಬರಿ 1,13,000 ಜೂಲ್! ಒಟ್ಟು 1,51,645. ನೋಡಿ, ಮುಕ್ಕಾಲು ಪಾಲು ಶಾಖವನ್ನು ಕೊನೆಯ ಹಂತವೊಂದೇ ನುಂಗಿತು. ಕರಗುವಾಗ ಹಿಡಿತ ಸ್ವಲ್ಪ ಸಡಿಲವಾದರೆ ಸಾಕು, ಆವಿಯಾಗಬೇಕಾದರೆ ಅದು ಹೆಚ್ಚುಕಡಿಮೆ ಪೂರ್ತಿ ಬಿಡಬೇಕು. ಕೆಲವು ಪುಸ್ತಕಗಳು ಆವಿಯಾಗುವ ಗುಪ್ತೋಷ್ಣವನ್ನು ಮೋಲಿಗೆ (ನೀರಾದರೆ 18 ಗ್ರಾಂಗೆ) 40.7 ಕಿಲೋಜೂಲ್ ಅಂತ ಕೊಡುತ್ತವೆ. ಆಗ ಗ್ರಾಮನ್ನು 18ರಿಂದ ಭಾಗಿಸಿ ಮೋಲ್ ಮಾಡಿಕೊಳ್ಳಿ, ಕಿಲೋಜೂಲಿಗೆ ಜೂಲ್ ಸುಮ್ನೆ ಕೂಡಿಸಬೇಡಿ.

ಇನ್ನು ಆವಿ ಒತ್ತಡ. ಮುಚ್ಚಿದ ಪಾತ್ರೆಯಲ್ಲಿ ನೀರಿಂದ ಅಣುಗಳು ಹಾರುತ್ತಲೇ ಇರುತ್ತವೆ, ಆವಿಯಿಂದ ವಾಪಸ್ ಬೀಳುತ್ತಲೂ ಇರುತ್ತವೆ. ಎರಡರ ವೇಗ ಸಮವಾದಾಗ ಒತ್ತಡ ನಿಲ್ಲುತ್ತದೆ. ನೀರಿನ ಮೇಲ್ಮೈ ದೊಡ್ಡದಾದರೆ ಹಾರುವುದೂ ಜಾಸ್ತಿ, ಬೀಳುವುದೂ ಅಷ್ಟೇ ಜಾಸ್ತಿ. ಹಾಗಾಗಿ 25 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ ಸುಮಾರು 23.8 ಮಿಲಿಮೀಟರ್ ಪಾದರಸ, ನೀರು ಎಷ್ಟೇ ಇರಲಿ. ತಾಪ ಏರಿಸಿದರೆ ಮಾತ್ರ ಅದು ಏರುತ್ತದೆ, 100 ಡಿಗ್ರಿಗೆ 760 ಮುಟ್ಟುತ್ತದೆ.

ಒಂದು ಷರತ್ತು ಇದೆ: ಪಾತ್ರೆಯಲ್ಲಿ ಸ್ವಲ್ಪವಾದರೂ ದ್ರವ ಉಳಿದಿರಬೇಕು. ಗಾಳಿ ತೆಗೆದ ಒಂದು ಲೀಟರ್ ಫ್ಲಾಸ್ಕಿನಲ್ಲಿ 25 ಡಿಗ್ರಿಗೆ ಸುಮಾರು 23 ಮಿಲಿಗ್ರಾಂ ಆವಿ ಹಿಡಿಸುತ್ತದೆ. ನೀವು ಹಾಕಿದ್ದೇ 10 ಮಿಲಿಗ್ರಾಂ ಆದರೆ ಅಷ್ಟೂ ಆವಿಯಾಗಿ, ಒತ್ತಡ 10 ಮಿಲಿಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ.