ಬೃಹತ್ ನಕ್ಷತ್ರಗಳು ಹೊಸ ನಕ್ಷತ್ರಗಳನ್ನು ಹುಟ್ಟಿಸುತ್ತವೆಯೋ, ಹುಟ್ಟದಂತೆ ತಡೆಯುತ್ತವೆಯೋ?

ನಿಮ್ಮ ಪ್ರಶ್ನೆ ಇದು: ಗರುಡ ನೀಹಾರಿಕೆಯ ‘ಸೃಷ್ಟಿಯ ಸ್ತಂಭಗಳ’ ಚಿತ್ರದ ಕೆಳಗೆ, ದೊಡ್ಡ ನಕ್ಷತ್ರಗಳ ಬೆಳಕು ಅನಿಲವನ್ನು ಒತ್ತಿ ಹೊಸ ನಕ್ಷತ್ರಗಳನ್ನು ಹುಟ್ಟಿಸುತ್ತದೆ ಎಂದು ಬರೆದಿರುತ್ತಾರೆ. ಇನ್ನೊಂದೆಡೆ, ಅದೇ ನಕ್ಷತ್ರಗಳು ತಾವು ಹುಟ್ಟಿದ ಅನಿಲದ ಮೋಡವನ್ನೇ ಚದುರಿಸಿಬಿಡುತ್ತವೆ ಎಂದು ಓದಿದ್ದೀರಿ. ಯಾವುದು ನಿಜ?

ಎರಡೂ ನಡೆಯುತ್ತವೆ, ಆದರೆ ಸಮಸಮವಾಗಿ ಅಲ್ಲ. ಇಡೀ ಮೋಡದ ಲೆಕ್ಕ ತೆಗೆದರೆ ಚದುರಿಸುವುದೇ ಮೇಲುಗೈ. ಅನಿಲದ ಕೆಲವೇ ಶೇಕಡಾ ಭಾಗ ನಕ್ಷತ್ರವಾಗಿ, ಉಳಿದದ್ದು ಹಾಗೆಯೇ ಹರಡಿಹೋಗುವುದಕ್ಕೆ ಇದೊಂದು ಮುಖ್ಯ ಕಾರಣ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಿಸಿಕೊಳ್ಳೋಣ. ಸಾಧಾರಣ ಮೋಡಗಳಲ್ಲಿ ಅನಿಲವನ್ನು ತಳ್ಳುವುದು ಬೆಳಕಿನ ನೇರ ಒತ್ತಡವಲ್ಲ, ಆ ಬೆಳಕಿನಿಂದ ಕಾದ ಅನಿಲದ ಒತ್ತಡ. 91.2 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಅತಿನೇರಳೆ ಫೋಟಾನ್ (ಬೆಳಕಿನ ಕಣ) ಹೈಡ್ರೋಜನ್‌ನಿಂದ ಎಲೆಕ್ಟ್ರಾನನ್ನು ಕಿತ್ತುಹಾಕಬಲ್ಲದು. ಸೂರ್ಯನಿಂದ ಇಂಥ ಫೋಟಾನ್ ಹೊರಡುವುದು ತೀರಾ ಅಲ್ಪ. ಮೇಲ್ಮೈ ಉಷ್ಣತೆ 30,000 ಕೆಲ್ವಿನ್ ದಾಟಿದ ‘ಓ’ ವರ್ಗದ ನಕ್ಷತ್ರದ ಬೆಳಕಿನಲ್ಲಿ ಮಾತ್ರ ಅವುಗಳದ್ದೇ ದೊಡ್ಡ ಪಾಲು. 10ರಿಂದ 20 ಕೆಲ್ವಿನ್‌ನಲ್ಲಿ ತಣ್ಣಗಿದ್ದ ಅಣುಮೋಡ (ಹೈಡ್ರೋಜನ್ ಅಣುಗಳ ಮೋಡ) ಆ ಬೆಳಕು ಬಿದ್ದಲ್ಲೆಲ್ಲ ಸುಮಾರು 10,000 ಕೆಲ್ವಿನ್‌ಗೆ ಏರುತ್ತದೆ. ಜೊತೆಗೆ ಒಂದು ಹೈಡ್ರೋಜನ್ ಅಣು ಒಡೆದು ಎರಡು ಪ್ರೋಟಾನ್, ಎರಡು ಎಲೆಕ್ಟ್ರಾನ್ ಆಗುವುದರಿಂದ ಕಣಗಳ ಸಂಖ್ಯೆಯೂ ನಾಲ್ಕು ಪಟ್ಟು. ಹೀಗಾಗಿ ಒತ್ತಡ ಒಮ್ಮೆಲೇ ಸಾವಿರಾರು ಪಟ್ಟು ಏರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ನಕ್ಷತ್ರ ಸೆಕೆಂಡಿಗೆ 10ರ ಘಾತ 49ರಷ್ಟು ಇಂಥ ಫೋಟಾನ್ ಹೊರಸೂಸುತ್ತಿದೆ, ಸುತ್ತಲಿನ ಅನಿಲದಲ್ಲಿ ಘನ ಸೆಂಟಿಮೀಟರಿಗೆ 100 ಹೈಡ್ರೋಜನ್ ಪರಮಾಣುಗಳಿವೆ ಎಂದಿಟ್ಟುಕೊಳ್ಳಿ. ಎಲೆಕ್ಟ್ರಾನುಗಳು ಮತ್ತೆ ಕೂಡಿಕೊಳ್ಳುವ ದರಕ್ಕೂ ಫೋಟಾನ್‌ಗಳ ದರಕ್ಕೂ ಸರಿತೂಗುವ ಗೋಳದ ತ್ರಿಜ್ಯ ಸುಮಾರು 10 ಜ್ಯೋತಿರ್ವರ್ಷ ಬರುತ್ತದೆ. ಈ ಲೆಕ್ಕವನ್ನು 1939ರಲ್ಲಿ ಮಾಡಿದವರು ಖಗೋಳವಿಜ್ಞಾನಿ ಬೆಂಗ್ಟ್ ಸ್ಟ್ರಾಮ್‌ಗ್ರೆನ್. ಗೋಳ ಅಲ್ಲಿಗೇ ನಿಲ್ಲುವುದಿಲ್ಲ, ಒಳಗಿನ ಒತ್ತಡಕ್ಕೆ ಉಬ್ಬುತ್ತದೆ. 10 ಲಕ್ಷ ವರ್ಷಗಳ ಹೊತ್ತಿಗೆ ತ್ರಿಜ್ಯ 30 ಜ್ಯೋತಿರ್ವರ್ಷ ದಾಟಿ, ಅಂಚು ಸೆಕೆಂಡಿಗೆ ಸುಮಾರು 4 ಕಿ.ಮೀ. ವೇಗದಲ್ಲಿ ಸರಿಯುತ್ತಿರುತ್ತದೆ, ಸುಮಾರು 7,000 ಸೂರ್ಯರಷ್ಟು ಹೈಡ್ರೋಜನ್ ತೆಳುವಾದ ಚಿಪ್ಪಾಗಿ ಅಂಚಿನಲ್ಲಿ ಕೂಡಿಕೊಂಡಿರುತ್ತದೆ. ನಿಜವಾದ ಮೋಡ ಇಷ್ಟು ಸಮವಾಗಿರುವುದಿಲ್ಲ. ತೆಳುವಾದ ಕಡೆ ಗೋಳ ಬಾಯಿಬಿಟ್ಟು ಬಿಸಿ ಅನಿಲ ಹೊರಗೆ ನುಗ್ಗುತ್ತದೆ, ದಟ್ಟ ಗಂಟುಗಳಿದ್ದ ಕಡೆ ಸ್ತಂಭಗಳು ಉಳಿಯುತ್ತವೆ.

ಮೋಡ ಉಳಿಯುತ್ತದೆಯೋ ಇಲ್ಲವೋ ಎಂದು ಅಂದಾಜಿಸಲು ನಾನು ಮೊದಲು ನೋಡುವುದು ವಿಮೋಚನಾ ವೇಗವನ್ನು, ಅಂದರೆ ಮೋಡದ ಗುರುತ್ವದಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗವನ್ನು. ಹೀಗೆ ಎಲೆಕ್ಟ್ರಾನ್ ಕಳೆದುಕೊಂಡ (ಅಯಾನೀಕೃತ) ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 10 ಕಿ.ಮೀ. 30 ಜ್ಯೋತಿರ್ವರ್ಷ ತ್ರಿಜ್ಯದ ಮೋಡದಲ್ಲಿ 10,000 ಸೂರ್ಯರಷ್ಟು ದ್ರವ್ಯವಿದ್ದರೆ ವಿಮೋಚನಾ ವೇಗ ಬರೀ 3 ಕಿ.ಮೀ.; ಬಿಸಿ ಅನಿಲವನ್ನು ಅದು ಹಿಡಿದಿಡಲಾರದು. ಅಷ್ಟೇ ಜಾಗದಲ್ಲಿ 10 ಲಕ್ಷ ಸೂರ್ಯರಷ್ಟು ದ್ರವ್ಯವಿದ್ದರೆ ಅದು 30 ಕಿ.ಮೀ. ಆಗುತ್ತದೆ. ಅಲ್ಲಿ ಬರೀ ಕಾಯಿಸಿದರೆ ಸಾಲದು. ಧೂಳಿನ ಮೇಲೆ ಬೀಳುವ ಬೆಳಕಿನ ನೇರ ಒತ್ತಡವೂ ನಾಕ್ಷತ್ರಿಕ ಮಾರುತವೂ (ನಕ್ಷತ್ರದಿಂದ ಹೊರಗೆ ಬೀಸುವ ಕಣಗಳ ಹರಿವು) ಕೈಜೋಡಿಸಬೇಕು. ಅತಿ ದಟ್ಟ ನಕ್ಷತ್ರಗುಚ್ಛಗಳಲ್ಲಿ ಅನಿಲದ ಹೆಚ್ಚು ಪಾಲು ನಕ್ಷತ್ರವಾಗಲು ಇದರಿಂದಲೇ ಅವಕಾಶ.

ಮಾರುತ ಎಂದೆನಲ್ಲ, ಅದರ ವೇಗ ಸೆಕೆಂಡಿಗೆ 1,000ದಿಂದ 3,000 ಕಿ.ಮೀ. ಅನಿಲಕ್ಕೆ ಡಿಕ್ಕಿ ಹೊಡೆದಾಗ ಅದು ದಶಲಕ್ಷಗಟ್ಟಲೆ ಕೆಲ್ವಿನ್‌ಗೆ ಕಾಯುತ್ತದೆ. ಓರಾಯನ್ ನೀಹಾರಿಕೆಯಲ್ಲಿ ‘ಥೀಟಾ 1 ಓರಾಯನಿಸ್ ಸಿ’ ನಕ್ಷತ್ರದ ಮಾರುತ ಒಂದು ದೊಡ್ಡ ಗುಳ್ಳೆಯನ್ನೇ ಊದಿದೆ. ಅದರ ಚಿಪ್ಪು ಸೆಕೆಂಡಿಗೆ 13 ಕಿ.ಮೀ. ವೇಗದಲ್ಲಿ ಹಿಗ್ಗುತ್ತಿದೆ ಎಂದು ಸೋಫಿಯಾ ವಿಮಾನ ದೂರದರ್ಶಕದ ಅಳತೆಗಳು 2019ರಲ್ಲಿ ತೋರಿಸಿದವು. ಅಳೆದದ್ದು ಅಯಾನೀಕೃತ ಕಾರ್ಬನ್‌ನ 158 ಮೈಕ್ರೋಮೀಟರ್ ರೇಖೆಯನ್ನು, ಅಂದರೆ ಅದು ಸೂಸುವ ಆ ತರಂಗಾಂತರದ ಬೆಳಕನ್ನು. ವಾತಾವರಣದ ನೀರಾವಿ ಈ ಬೆಳಕನ್ನು ನುಂಗುವುದರಿಂದ ವಿಮಾನದಲ್ಲೇ ಹೋಗಿ ನೋಡಬೇಕಾಯಿತು.

ಸೂಪರ್‌ನೋವಾ, ಅಂದರೆ ಭಾರಿ ನಕ್ಷತ್ರ ಸಾಯುವಾಗಿನ ಸ್ಫೋಟ? ಆ ನಕ್ಷತ್ರ ಹುಟ್ಟಿದ ಮೋಡದ ಮಟ್ಟಿಗೆ ಅದು ತಡವಾಗಿ ಬರುತ್ತದೆ. ಅತಿ ಭಾರದ ನಕ್ಷತ್ರವೂ ಸಾಯಲು ಸುಮಾರು 30 ಲಕ್ಷ ವರ್ಷ ಬೇಕು, ಅಷ್ಟರೊಳಗೆ ಮೋಡ ಅನೇಕ ಸಲ ಚದುರಿಯೇ ಹೋಗಿರುತ್ತದೆ. ದೂರದ ಅನಿಲದ ಮೇಲೆ ಮಾತ್ರ ಸೂಪರ್‌ನೋವಾಗಳ ಪರಿಣಾಮ ಅಗಾಧ. ಸೂರ್ಯ ಈಗ ಇರುವುದು ಸುಮಾರು 1,000 ಜ್ಯೋತಿರ್ವರ್ಷ ಅಗಲದ ‘ಸ್ಥಳೀಯ ಗುಳ್ಳೆ’ಯೊಳಗೆ. 2022ರ ಅಧ್ಯಯನದ ಪ್ರಕಾರ ಅದು ಸುಮಾರು 1 ಕೋಟಿ 40 ಲಕ್ಷ ವರ್ಷಗಳ ಹಿಂದೆ ಆರಂಭವಾಯಿತು, ಸುಮಾರು 15 ಸೂಪರ್‌ನೋವಾಗಳು ಅದನ್ನು ಊದಿವೆ, ಮತ್ತು ನಮ್ಮ ಹತ್ತಿರದ ನಕ್ಷತ್ರಜನನ ತಾಣಗಳೆಲ್ಲ ಅದರ ಮೇಲ್ಮೈಯಲ್ಲೇ ಇವೆ. ಚಿಪ್ಪಿನಲ್ಲಿ ಅನಿಲ ಕೂಡಿ ಕುಸಿದು ನಕ್ಷತ್ರವಾಗುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ಗಟ್ಟಿ ಸಾಕ್ಷಿಗಳಲ್ಲಿ ಇದೂ ಒಂದು. ಖಗೋಳವಿಜ್ಞಾನಿಗಳಾದ ಎಲ್ಮೆಗ್ರೀನ್ ಮತ್ತು ಲಾಡಾ 1977ರಲ್ಲೇ ಇಂಥ ದಾರಿಯನ್ನು ಸೂಚಿಸಿದ್ದರು.

ಇನ್ನು ಸ್ತಂಭಗಳು. ಅವುಗಳ ಒಟ್ಟು ದ್ರವ್ಯ ಸುಮಾರು 200 ಸೂರ್ಯರಷ್ಟು. ಪ್ರತಿ 10 ಲಕ್ಷ ವರ್ಷಕ್ಕೆ ಸುಮಾರು 70 ಸೂರ್ಯರಷ್ಟು ಆವಿಯಾಗುತ್ತಿದೆ ಎಂದು ಚಿಲಿಯ ವಿಎಲ್‌ಟಿ ದೂರದರ್ಶಕದ ಮ್ಯೂಸ್ ಉಪಕರಣದ ಅಳತೆಗಳಿಂದ 2015ರಲ್ಲಿ ತಿಳಿಯಿತು. ಅಂದರೆ ಇನ್ನು ಸುಮಾರು 30 ಲಕ್ಷ ವರ್ಷಗಳ ಆಯಸ್ಸು. ತುದಿಯಲ್ಲಿ ಎಳೆಯ ನಕ್ಷತ್ರಗಳಿರುವುದು ನಿಜ. ಆದರೆ ಒತ್ತಡದಿಂದಲೇ ಅವು ಹುಟ್ಟಿದವೆಂದು ಚಿತ್ರ ನೋಡಿ ಹೇಳಲಾಗದು. ಆ ಗಂಟು ಮೊದಲೇ ಕುಸಿಯುತ್ತಿದ್ದಿರಬಹುದು, ಬೆಳಕು ಸುತ್ತಲಿನ ತೆಳು ಅನಿಲವನ್ನು ತೆಗೆದು ಅದನ್ನು ಬಯಲಿಗೆ ತಂದಿರಬಹುದು, ಅಷ್ಟೇ.

ಈ ಎರಡು ಸಾಧ್ಯತೆಗಳನ್ನು ಬೇರ್ಪಡಿಸಿ ನೋಡಲು ವಯಸ್ಸಿನ ಕ್ರಮ ಒಂದು ದಾರಿ: ದೊಡ್ಡ ನಕ್ಷತ್ರದಿಂದ ದೂರ ಹೋದಂತೆ ನಕ್ಷತ್ರಗಳು ಎಳೆಯವಾಗುತ್ತ ಹೋಗಬೇಕು. ತೊಡಕೆಂದರೆ, ಎಳೆಯ ನಕ್ಷತ್ರಗಳ ವಯಸ್ಸಿನ ಅಂದಾಜಿನಲ್ಲಿ 10 ಲಕ್ಷ ವರ್ಷಗಳ ತಪ್ಪು ಸಾಮಾನ್ಯ, ನಡೆಯುವ ಪ್ರಕ್ರಿಯೆಯ ಅವಧಿಯೂ ಅಷ್ಟೇ. ಆದ್ದರಿಂದ ಚಲನೆಯನ್ನು ನೋಡುವುದು ಮೇಲು. ಹಿಗ್ಗುವ ಚಿಪ್ಪಿನಲ್ಲಿ ಹುಟ್ಟಿದ ನಕ್ಷತ್ರಕ್ಕೆ ಅದರ ಹೊರಮುಖ ವೇಗ ಬಂದಿರಬೇಕು. 3,260 ಜ್ಯೋತಿರ್ವರ್ಷ ದೂರದಲ್ಲಿ ಸೆಕೆಂಡಿಗೆ 4 ಕಿ.ಮೀ. ಅಡ್ಡವೇಗ ಎಂದರೆ ವರ್ಷಕ್ಕೆ ಸುಮಾರು 0.85 ಮಿಲಿ ಆರ್ಕ್‌ಸೆಕೆಂಡ್ (ಒಂದು ಮಿಲಿ ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿ ಕೋನದ 36 ಲಕ್ಷದಲ್ಲಿ ಒಂದು ಭಾಗ). ನಕ್ಷತ್ರಗಳ ಸ್ಥಾನ, ಚಲನೆಗಳನ್ನು ಅಳೆದ ಗಾಯಾ ಉಪಗ್ರಹದ ದತ್ತಾಂಶದಲ್ಲಿ ಇದು ಸುಲಭವಾಗಿ ಸಿಗುತ್ತದೆ. ಇಡೀ ಪ್ರದೇಶದ ಸರಾಸರಿ ಚಲನೆಯನ್ನು ಮೊದಲು ಕಳೆಯಲು ಮರೆಯಬೇಡಿ, ಇಲ್ಲದಿದ್ದರೆ ಎಲ್ಲ ನಕ್ಷತ್ರಗಳೂ ಒಂದೇ ಕಡೆ ಓಡುತ್ತಿರುವಂತೆ ಕಾಣುತ್ತವೆ. 2025ರಲ್ಲಿ ಕೆಲಸ ಮುಗಿಸಿದ ಗಾಯಾ ನೋಡಿದ್ದು ಕಣ್ಣಿಗೆ ಕಾಣುವ ಬೆಳಕಿನ ಆಸುಪಾಸಿನಲ್ಲಿ ಮಾತ್ರ. ಧೂಳಿನೊಳಗೆ ಇನ್ನೂ ಹುದುಗಿರುವ ಅತ್ಯಂತ ಎಳೆಯ ನಕ್ಷತ್ರಗಳು ಅದಕ್ಕೆ ಸಿಗಲಿಲ್ಲ. ಅವುಗಳ ಚಲನೆಯನ್ನು ಅವಕೆಂಪು ಚಿತ್ರಗಳನ್ನು ವರ್ಷಗಳ ಅಂತರದಲ್ಲಿ ತೆಗೆದು ಹೋಲಿಸಿಯೇ ಅಳೆಯಬೇಕು.